ಓಟ ಮುಗಿಸಿ ಬಂದ ಗ್ರೇಹೌಂಡ್‌ಗೆ ತಂಗುಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಫ್ಲೋರಿಡಾದ ಮತದಾರರು 2018ರ ನವೆಂಬರ್‌ನಲ್ಲಿ ನಾಯಿ ಓಟದ ಜೂಜು ಬೇಡವೆಂದು ತೀರ್ಮಾನಿಸಿದರು. 2020 ಮುಗಿಯುವುದರೊಳಗೆ ಅಲ್ಲಿನ ಓಟದಂಗಳಗಳೆಲ್ಲ ನಿಂತವು. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ, ವೇಲ್ಸ್ ಸರ್ಕಾರ 2025ರ ಫೆಬ್ರವರಿಯಲ್ಲಿ ಇದೇ ದಾರಿ ಹಿಡಿಯುವುದಾಗಿ ಪ್ರಕಟಿಸಿದವು. ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾದ ಬಹುಭಾಗದಲ್ಲಿ ಓಟ ಇನ್ನೂ ನಡೆದಿದೆ. ಓಟ ನಿಲ್ಲಲಿ, ನಡೆಯಲಿ, ಈ ಓಟಕ್ಕೆಂದು ಸಾಕುವ ಗ್ರೇಹೌಂಡ್ ಜಾತಿಯ ನಾಯಿಗಳು ಎರಡರಿಂದ ಐದು ವರ್ಷದೊಳಗೆ ಅಂಗಳದಿಂದ ಹೊರಬೀಳುತ್ತವೆ. ಅವುಗಳ ಆಯುಸ್ಸು ಸುಮಾರು ಹನ್ನೆರಡು ವರ್ಷ. ಕಾಯಂ ಮನೆ ಸಿಗುವವರೆಗೆ ಕೆಲವು ವಾರ ತಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ತಂಗುಮನೆಯವರು (ಇಂಗ್ಲಿಷಿನಲ್ಲಿ ಫಾಸ್ಟರ್) ಎಲ್ಲ ಕಡೆಯೂ ಬೇಕಾಗಿದ್ದಾರೆ. ಆ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಎರಡು ಕೋಣೆಯ ಮನೆ, ಹಿಂದೆ ಚಿಕ್ಕ ಹಿತ್ತಲು. ಆರು ವರ್ಷದ ಮಗಳಿದ್ದಾಳೆ. ಫಾಸ್ಟರ್ ಮಾಡಲು ಹೆಸರು ಕೊಟ್ಟಿದ್ದೇವೆ, ಮುಂದಿನ ತಿಂಗಳು ನಾಯಿ ಬರುತ್ತದೆ. ಇಷ್ಟು ದೊಡ್ಡ ನಾಯಿಗೆ ಜಾಗ ಸಾಕೇ? ಏನೇನು ಸಿದ್ಧ ಮಾಡಿಕೊಳ್ಳಬೇಕು?
— ರೆಡಿಂಗ್, ಇಂಗ್ಲೆಂಡ್

ಉತ್ತರ: ಜಾಗ ಧಾರಾಳವಾಗಿ ಸಾಕು. ಗ್ರೇಹೌಂಡ್ ದಿನದ ಹೆಚ್ಚಿನ ಹೊತ್ತು ಮಲಗಿಯೇ ಕಳೆಯುತ್ತದೆ. ಇಪ್ಪತ್ತು ನಿಮಿಷದ ಎರಡು ನಡಿಗೆ, ನಡುವೆ ನಾಲ್ಕೈದು ಸಲ ಹೊರಗೆ ಬಿಟ್ಟು ಬರುವುದು, ಇಷ್ಟಿದ್ದರೆ ನಡೆಯುತ್ತದೆ. ಜಾಗಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ನಿಮ್ಮ ಮನೆಗೆ ಬರುವ ನಾಯಿ ಇದುವರೆಗೆ ಮನೆಯೆಂಬುದನ್ನೇ ಕಂಡಿರುವುದಿಲ್ಲ. ಹುಟ್ಟಿದ್ದು, ಬೆಳೆದದ್ದು, ಉಂಡದ್ದು ಎಲ್ಲ ನಾಯಿಗೂಡಿನಲ್ಲಿ. ಗಾಜಿನ ಬಾಗಿಲು, ಮೆಟ್ಟಿಲು, ನುಣ್ಣನೆ ನೆಲ, ಕುಕ್ಕರ್ ಸೀಟಿ, ಕನ್ನಡಿಯಲ್ಲಿ ಕಾಣುವ ಇನ್ನೊಂದು ನಾಯಿ, ಎಲ್ಲವೂ ಅದಕ್ಕೆ ಹೊಸತು.

ಹಾಗಾಗಿ ಮೊದಲು ಗಾಜಿನ ಬಾಗಿಲಿಗೆ ನಾಯಿಯ ಕಣ್ಣಿನ ಎತ್ತರದಲ್ಲಿ ಬಣ್ಣದ ಟೇಪ್ ಅಂಟಿಸಿ. ಇಲ್ಲದಿದ್ದರೆ ತೆರೆದ ಜಾಗವೆಂದುಕೊಂಡು ನೇರ ನುಗ್ಗುತ್ತದೆ. ಟೈಲ್ಸ್ ಮತ್ತು ಮರದ ನೆಲದ ಮೇಲೆ, ಬಾಗಿಲಿನಿಂದ ಹಾಸಿಗೆಯವರೆಗೆ, ಜಾರದ ಚಾಪೆಗಳನ್ನು ಸಾಲಾಗಿ ಹಾಸಿ. ಹಾಸಿಗೆ ಕನಿಷ್ಠ ಒಂದು ಮೀಟರ್ ಉದ್ದವಿರಲಿ, ನಾಲ್ಕು ಬೆರಳು ದಪ್ಪವಿರಲಿ. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಬರಿನೆಲದ ಮೇಲೆ ಮಲಗಿದರೆ ಮೊಣಕೈ ಸವೆದು ಹುಣ್ಣಾಗುತ್ತದೆ. ಹಿತ್ತಲಿನ ಬೇಲಿ ಐದರಿಂದ ಆರು ಅಡಿ ಇದ್ದು, ಕೆಳಗೆ ಸಂದು ಇರಬಾರದು. ನೆಲದಡಿ ತಂತಿ ಹೂಳಿ ಕುತ್ತಿಗೆಗೆ ಶಾಕ್ ಕೊಡುವ ಬೇಲಿ ಈ ಜಾತಿಗೆ ಪ್ರಯೋಜನವಿಲ್ಲ. ಅಳಿಲು ಕಂಡ ಕ್ಷಣದಲ್ಲಿ ಅದು ಗೆರೆ ದಾಟಿ ಎಷ್ಟೋ ದೂರ ಹೋಗಿರುತ್ತದೆ.

ಕೊರಳಪಟ್ಟಿ ಎಳೆದಾಗ ತಾನೇ ಬಿಗಿಯಾಗುವ ಮಾರ್ಟಿಂಗೇಲ್ ಮಾದರಿಯದ್ದೇ ಆಗಬೇಕು. ಗ್ರೇಹೌಂಡ್‌ನ ತಲೆಗಿಂತ ಕುತ್ತಿಗೆಯೇ ದಪ್ಪ, ಮಾಮೂಲಿ ಬೆಲ್ಟ್‌ನಿಂದ ಹಿಂದಕ್ಕೆ ಸರಿದು ತಲೆ ಬಿಡಿಸಿಕೊಳ್ಳುತ್ತದೆ. ಪಟ್ಟಿಯನ್ನು ಕಿವಿಯ ಹಿಂದೆ, ಕುತ್ತಿಗೆಯ ಮೇಲ್ತುದಿಯಲ್ಲಿ ಹಾಕಿ ಲೀಶ್ ಎಳೆದು ನೋಡಿ. ಪಟ್ಟಿ ಬಿಗಿಯಾಗಬೇಕು, ಆದರೆ ಅದರ ಎರಡು ಉಂಗುರಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಸಡಿಲವಾಗಿದೆ ಎಂದರ್ಥ. ಮೊದಲ ಎರಡು ವಾರ ಪಟ್ಟಿಗೊಂದು, ಎದೆಯ ಹಾರ್ನೆಸ್‌ಗೊಂದು, ಹೀಗೆ ಎರಡು ಲೀಶ್ ಹಾಕಿ. ತಂಗುಮನೆಗಳಲ್ಲಿ ಆಗುವ ಅತಿ ದೊಡ್ಡ ಅನಾಹುತ ಕಾಯಿಲೆಯಲ್ಲ, ಮೊದಲ ವಾರ ತೆರೆದ ಮುಂಬಾಗಿಲಿನಿಂದ ನಾಯಿ ಓಡಿಹೋಗುವುದು. ಹಾಗಾದರೆ ಬೆನ್ನಟ್ಟಬೇಡಿ, ಗಂಟೆಗೆ 60 ಕಿಲೋಮೀಟರ್ ಮೀರಿ ಓಡುವ ಪ್ರಾಣಿಯದು. ಕೂಡಲೇ ನಾಯಿಯನ್ನು ಕೊಟ್ಟ ಸಂಸ್ಥೆಗೆ ಫೋನ್ ಮಾಡಿ, ಕಡೆಯ ಬಾರಿ ಕಂಡಲ್ಲಿ ಅದರ ಹೊದಿಕೆ ಮತ್ತು ಊಟ ಇಟ್ಟು, ಕೂತು ಕಾಯಿರಿ.

ಮಗಳಿಗೆ ಒಂದೇ ನಿಯಮ ಕಲಿಸಿ: ಮಲಗಿರುವ ನಾಯಿಯನ್ನು ಮುಟ್ಟಬಾರದು. ಇವು ಕೆಲವೊಮ್ಮೆ ಕಣ್ಣು ತೆರೆದೇ ನಿದ್ದೆ ಮಾಡುತ್ತವೆ. ನಿದ್ದೆಯಲ್ಲಿ ಯಾರಾದರೂ ಮೈಮೇಲೆ ಬಿದ್ದರೆ ಬೆಚ್ಚಿ ಬಾಯಿ ಹಾಕುತ್ತವೆ. ಗೂಡಿನಲ್ಲಿ ಅವುಗಳ ನಿದ್ದೆ ಕೆಡಿಸಿದವರೇ ಇರಲಿಲ್ಲ. ದೂರದಿಂದ ಹೆಸರು ಕೂಗಿ, ಎದ್ದು ತಾನಾಗಿ ಬಂದ ಮೇಲೆ ಮುದ್ದು ಮಾಡಲಿ. ಹಾಸಿಗೆಯ ಸುತ್ತ ನೆಲದ ಮೇಲೆ ಟೇಪಿನ ಗೆರೆ ಎಳೆದರೆ ಆರು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹಾಗೆಂದು ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಹೋಗಬೇಡಿ.

ಪ್ರಶ್ನೆ: ಬಂದು ನಾಲ್ಕು ದಿನವಾಯಿತು, ಮೆಟ್ಟಿಲ ಬಳಿ ಕಲ್ಲಿನಂತೆ ನಿಂತುಬಿಡುತ್ತದೆ. ಎಳೆದರೂ ಬಾರದು.
— ಎಡಿಸನ್, ನ್ಯೂಜೆರ್ಸಿ

ಉತ್ತರ: ಎಳೆಯಬೇಡಿ. ಕಾಲು ಎಲ್ಲಿಡಬೇಕೆಂಬುದೇ ಅದಕ್ಕೆ ತಿಳಿಯದು. ಹತ್ತುವುದನ್ನು ಮೊದಲು ಕಲಿಸಿ. ಒಬ್ಬರು ಮುಂದೆ ತಿಂಡಿ ಹಿಡಿದು ಕೊರಳಪಟ್ಟಿಯ ಬಳಿ ಇರಲಿ, ಇನ್ನೊಬ್ಬರು ಹಿಂದೆ ನಿಂತು ಹೊಟ್ಟೆಯ ಕೆಳಗೆ ಕೈ ಕೊಡಲಿ. ಮುಂದಿನ ಎಡಗಾಲು, ಬಲಗಾಲು, ಹಿಂದಿನ ಎಡ, ಬಲ, ಹೀಗೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮುಂದಿನ ಮೆಟ್ಟಿಲ ಮೇಲಿಡಿ. ಐದಾರು ಮೆಟ್ಟಿಲಾದ ಮೇಲೆ ತಾನೇ ಲೆಕ್ಕ ಹಿಡಿಯುತ್ತದೆ. ಇಳಿಯುವುದು ಕಷ್ಟ. ಕೊನೆಯ ಒಂದು ಮೆಟ್ಟಿಲಿನಿಂದ ಶುರುಮಾಡಿ, ಅದು ಬಂದ ಮೇಲೆ ಎರಡು, ಮೂರು ಎಂದು ಹೆಚ್ಚಿಸಿ. ಮೇಲಿನಿಂದಲೇ ಇಳಿಸಲು ಹೋದರೆ ಹೆದರಿ ಒಮ್ಮೆಲೇ ಹಾರುತ್ತದೆ, ಕಾಲು ಮುರಿಯುವುದು ಹೀಗೆಯೇ. ಮೆಟ್ಟಿಲು ನುಣುಪಾಗಿದ್ದರೆ ಮೊದಲು ಕಾರ್ಪೆಟ್ ತುಂಡು ಅಂಟಿಸಿ. ದಿನಕ್ಕೆ ಎರಡು ಬಾರಿ, ಐದೈದು ನಿಮಿಷ ಸಾಕು.

ಪ್ರಶ್ನೆ: ನಮ್ಮದು ಮಾಂಸ ಬೇಯಿಸದ ಮನೆ. ಫಾಸ್ಟರ್ ನಾಯಿಗೆ ಏನು ಕೊಡಬಹುದು? ಮೊಸರನ್ನ ಇಷ್ಟಪಟ್ಟು ತಿನ್ನುತ್ತದೆ, ಆದರೆ ಮೂರು ದಿನದಿಂದ ಭೇದಿ. ಪಕ್ಕೆಲುಬೆಲ್ಲ ಕಾಣುತ್ತಿದೆ, ನೋಡಿದವರು ಉಪವಾಸ ಹಾಕಿದ್ದೀರಾ ಎಂದು ಕೇಳುತ್ತಾರೆ.
— ಷಾರ್ಲೆಟ್, ನಾರ್ತ್ ಕೆರೊಲಿನಾ

ಉತ್ತರ: ಮಾಂಸ ಬೇಯಿಸುವ ಅಗತ್ಯವಿಲ್ಲ. ಸಂಸ್ಥೆಯವರು ಕೊಟ್ಟ ಒಣ ಆಹಾರದಲ್ಲಿ ಬೇಕಾದ ಪೋಷಕಾಂಶವೆಲ್ಲ ಇದೆ. ಆದರೆ ನಾಯಿಯನ್ನೂ ಅನ್ನ, ಬೇಳೆಯ ಮೇಲೆಯೇ ಸಾಕುತ್ತೇವೆ ಎಂದರೆ ನಾವು ಒಪ್ಪುವುದಿಲ್ಲ. ಅದರ ಸ್ನಾಯು ಕರಗುತ್ತದೆ. 30 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 1,400 ಕಿಲೋ ಕ್ಯಾಲೊರಿ ಬೇಕು. 100 ಗ್ರಾಮಿಗೆ 350ರ ಆಸುಪಾಸಿನ ಒಣ ಆಹಾರವಾದರೆ ಅದು 400 ಗ್ರಾಮ್. ಬೆಳಿಗ್ಗೆ 200, ಸಂಜೆ 200 ಕೊಡಿ. ಉಂಡ ಮೇಲೆ ಒಂದು ಗಂಟೆ ಓಡಾಟ ಬೇಡ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ವಾಂತಿ ಮಾಡಲು ಒದ್ದಾಡುತ್ತಿದ್ದರೂ ಏನೂ ಬಾರದೆ ಹೊಟ್ಟೆ ಬಿಗಿದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ.

ಭೇದಿಗೆ ಎರಡು ಕಾರಣ ಸಾಮಾನ್ಯ. ಒಂದು, ಆಹಾರ ಒಮ್ಮೆಲೇ ಬದಲಾಗುವುದು. ಹೊಸತನ್ನು ಕಾಲು ಭಾಗದಿಂದ ಶುರುಮಾಡಿ ಏಳರಿಂದ ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಬೇಕು. ಇನ್ನೊಂದು ಕೊಕ್ಕೆಹುಳು. ಅಮೆರಿಕದ ಓಟದ ನಾಯಿಗಳಲ್ಲಿ ಮಾಮೂಲಿ ಜಂತುಹುಳು ಔಷಧಕ್ಕೆ ಬಗ್ಗದ ಕೊಕ್ಕೆಹುಳುಗಳು ಬೇರೂರಿವೆ. ಒಂದು ಮಾತ್ರೆ ಕೊಟ್ಟಾಯಿತು ಎಂದು ಸುಮ್ಮನಾಗದೆ ಮಲಪರೀಕ್ಷೆ ಮಾಡಿಸಿ, ಔಷಧ ಮುಗಿದ ಎರಡು ವಾರಕ್ಕೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಹಿತ್ತಲಿನ ಮಲವನ್ನು ದಿನವೂ ಎತ್ತಲೇಬೇಕು, ಇಲ್ಲದಿದ್ದರೆ ಮಣ್ಣಿನಿಂದ ಮತ್ತೆ ಹತ್ತುತ್ತದೆ. ಒಂದೆರಡು ದಿನ ಉಪ್ಪಿಲ್ಲದ ಮೆತ್ತನೆ ಅನ್ನಕ್ಕೆ ಬೇಯಿಸಿದ ಸಿಹಿಗುಂಬಳ ಕಲಸಿ ಕೊಡಬಹುದು. ಮೊಸರು ಎರಡು ಚಮಚ ಮೀರದಿರಲಿ. ಮಲದಲ್ಲಿ ರಕ್ತ ಕಂಡರೆ, ನಾಯಿ ಮಂಕಾದರೆ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಿ.

ಉಳಿದ ಹುಳಿ, ಸಾರು, ಪಲ್ಯ ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಪಾಯಸದ ಒಣದ್ರಾಕ್ಷಿಯೂ ಅಷ್ಟೇ. ಗ್ರೇಹೌಂಡ್‌ನ ಮೂತಿ ಅಡುಗೆಕಟ್ಟೆಗೆ ಸಲೀಸಾಗಿ ಎಟುಕುತ್ತದೆ ಎಂಬುದು ನೆನಪಿರಲಿ. ಇನ್ನು ಪಕ್ಕೆಲುಬಿನ ಮಾತು. ಹಿಂದಿನ ಎರಡು ಮೂರು ಎಲುಬು ಕಾಣುವುದೇ ಆರೋಗ್ಯ. ಬೆನ್ನೆಲುಬು ಮತ್ತು ಸೊಂಟದ ಎಲುಬು ಚೂಪಾಗಿ ಎದ್ದಿದ್ದರೆ ಮಾತ್ರ ಬಡಕಲು. ಓಟದ ತೂಕಕ್ಕಿಂತ ಒಂದರಿಂದ ಎರಡೂವರೆ ಕಿಲೋ ಹೆಚ್ಚಾದರೆ ಸಾಕು, ಅದಕ್ಕಿಂತ ಹೆಚ್ಚಿದರೆ ಹಳೆಯ ಪೆಟ್ಟು ತಿಂದ ಕೀಲುಗಳು ನೋಯುತ್ತವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಬೆಕ್ಕಿದೆ. ಗ್ರೇಹೌಂಡ್ ಬೆಕ್ಕನ್ನು ಕೊಲ್ಲುತ್ತದೆ ಎಂದು ಹೆದರಿಸುತ್ತಾರೆ. ಮಜಲ್ ಹಾಕಲೇಬೇಕೇ?
— ಮೆಲ್ಬರ್ನ್

ಉತ್ತರ: ಕೆಲವು ಕೊಲ್ಲುತ್ತವೆ, ಕೆಲವು ಬೆಕ್ಕಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುತ್ತವೆ. ನಿಮ್ಮ ಮನೆಗೆ ಬಂದದ್ದು ಯಾವ ಬಗೆಯದು ಎಂದು ಪರೀಕ್ಷಿಸಿಯೇ ತಿಳಿಯಬೇಕು. ವಿಕ್ಟೋರಿಯಾದಲ್ಲಿ 2019ರ ಜನವರಿ 1ರಿಂದ ಸಾಕಿದ ಗ್ರೇಹೌಂಡ್‌ಗೆ ಬೀದಿಯಲ್ಲಿ ಮಜಲ್ ಕಡ್ಡಾಯವಲ್ಲ, ಲೀಶ್ ಕಡ್ಡಾಯ. ಆದರೆ ಮನೆಯೊಳಗೆ ಬೆಕ್ಕಿನ ಪರಿಚಯದ ದಿನಗಳಲ್ಲಿ ಮಜಲ್ ಹಾಕಲೇಬೇಕು. ನಮ್ಮಲ್ಲಿ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥದ್ದೇ ಅದು. ಬುಟ್ಟಿಯಾಕಾರದ ಪ್ಲಾಸ್ಟಿಕ್ಕಿನದಾದರೆ ನಾಯಿ ಬಾಯಿ ತೆರೆದು ಉಸಿರಾಡಬಹುದು, ನೀರೂ ಕುಡಿಯಬಹುದು. ಓಟದ ನಾಯಿಗೆ ಅದು ಅಭ್ಯಾಸವಾದದ್ದೇ, ಪಾಪ ಎಂದು ಮರುಗಿ ತೆಗೆಯಬೇಡಿ.

ನಾಯಿಗೆ ಕುಕ್ಕೆ, ಲೀಶ್ ಎರಡೂ ಹಾಕಿ. ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗವಿರಲಿ, ಬೆಕ್ಕನ್ನು ಎತ್ತಿಕೊಂಡು ನಾಯಿಯ ಮುಖಕ್ಕೆ ಒಡ್ಡಬೇಡಿ. ನೋಡಬೇಕಾದದ್ದು ನಾಯಿಯ ಕಣ್ಣು. ಒಮ್ಮೆ ನೋಡಿ, ಮುಖ ತಿರುಗಿಸಿ, ನಿಮ್ಮ ಕೈಯ ತಿಂಡಿಗೆ ಬಂದರೆ ಒಳ್ಳೆಯ ಲಕ್ಷಣ. ಮೈ ಬಿಗಿದು, ಕಿವಿ ನಿಮಿರಿ, ಹಲ್ಲು ಕಟಕಟಿಸಿ, ತಿಂಡಿ ಮೂಗಿಗೆ ತಾಗಿಸಿದರೂ ಕಣ್ಣು ಕೀಳದಿದ್ದರೆ ಅಲ್ಲಿಗೇ ನಿಲ್ಲಿಸಿ, ಸಂಸ್ಥೆಗೆ ತಿಳಿಸಿ, ಬೆಕ್ಕಿಲ್ಲದ ಮನೆಗೆ ಸ್ಥಳಾಂತರಿಸಿ. ಅದರಲ್ಲಿ ನಿಮ್ಮ ಸೋಲೇನೂ ಇಲ್ಲ. ಒಳ್ಳೆಯ ಲಕ್ಷಣ ಕಂಡರೂ ಎರಡು ಮೂರು ವಾರ ಇದೇ ಕ್ರಮ ನಡೆಸಿ. ಮನೆಯೊಳಗೆ ಬೆಕ್ಕಿಗೆ ಹೊಂದಿಕೊಂಡ ನಾಯಿಯೂ ಹಿತ್ತಲಿನಲ್ಲಿ ಓಡುವ ಅದೇ ಬೆಕ್ಕನ್ನು ಬೇಟೆಯೆಂದು ಹಿಡಿಯಬಹುದು. ಹೊಸ ಮನೆಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ಎರಡು ವಾರ ರಜೆ ಹಾಕಿ ನಾಯಿಯ ಜೊತೆಗೇ ಇದ್ದೆ. ಈಗ ಕೆಲಸಕ್ಕೆ ಹೊರಟರೆ ಬಾಗಿಲು ಕೆರೆದು ಊಳಿಡುತ್ತದೆ.
— ಡಬ್ಲಿನ್

ಉತ್ತರ: ಪ್ರೀತಿಯಿಂದ ಹಾಕಿದ ಆ ರಜೆಯೇ ಕಷ್ಟ ತಂದಿದೆ. ಗೂಡಿನಲ್ಲಿ ಸುತ್ತ ಹತ್ತಾರು ನಾಯಿಗಳಿದ್ದವು, ಒಂಟಿತನ ಅದಕ್ಕೆ ಗೊತ್ತೇ ಇರಲಿಲ್ಲ. ನಿಮ್ಮಲ್ಲಿ ನೀವು ಸದಾ ಇದ್ದಿರಿ, ಇದ್ದಕ್ಕಿದ್ದಂತೆ ಮಾಯವಾದಿರಿ. ಒಂಟಿ ಇರುವ ಪಾಠ ಮೊದಲ ದಿನವೇ ಶುರುವಾಗಬೇಕು. ಈಗಲೂ ಕಾಲ ಮಿಂಚಿಲ್ಲ.

ಚಪ್ಪಲಿ ಮೆಟ್ಟಿ, ಬೀಗದ ಕೈ ಎತ್ತಿಕೊಂಡು, ಹೊರಗೆ ಹೋಗದೆ ಕುರ್ಚಿಯ ಮೇಲೆ ಕೂಡಿ. ದಿನಕ್ಕೆ ಹತ್ತು ಸಲ ಹೀಗೆ ಮಾಡಿದರೆ ಬೀಗದ ಕೈ ಸದ್ದಿಗೆ ಗಾಬರಿಯಾಗುವುದು ನಿಲ್ಲುತ್ತದೆ. ಆಮೇಲೆ ಬಾಗಿಲಾಚೆ ಹತ್ತು ಸೆಕೆಂಡು. ಮುಂದೆ ಅರ್ಧ ನಿಮಿಷ, ಒಂದು, ಎರಡು, ಐದು, ಹತ್ತು. ಅಳುವ ಮೊದಲೇ ಒಳಬನ್ನಿ, ಬಂದಾಗ ಸಂಭ್ರಮ ಬೇಡ. ಹಳೆಯ ಫೋನೊಂದನ್ನು ಕ್ಯಾಮೆರಾ ಮಾಡಿ ಇಟ್ಟರೆ ಎಷ್ಟನೆಯ ನಿಮಿಷಕ್ಕೆ ಚಡಪಡಿಕೆ ಶುರುವಾಗುತ್ತದೆ ಎಂದು ಕಾಣುತ್ತದೆ. ಜೊಲ್ಲು ಸುರಿಸಿದರೆ, ಬಾಗಿಲು ಕೆರೆದರೆ ಹಿಂದಿನ ಹಂತಕ್ಕೆ ಇಳಿಯಿರಿ. ಹೆಚ್ಚಿನ ಗಾಬರಿ ಮೊದಲ ಅರ್ಧ ಗಂಟೆಯಲ್ಲೇ. ಅಷ್ಟು ದಾಟಿ ಮಲಗಿತೆಂದರೆ ಎರಡು ಗಂಟೆಗೆ ಏರಿಸುವುದು ಸುಲಭ. ಹೊರಡುವಾಗ ಟೊಳ್ಳು ರಬ್ಬರ್ ಆಟಿಕೆಯೊಳಗೆ ಉಪ್ಪು, ಒಗ್ಗರಣೆ ಇಲ್ಲದ ಅನ್ನಕ್ಕೆ ತುಸು ಮೊಸರು ಬೆರೆಸಿ ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಕೊಡಿ, ಇಪ್ಪತ್ತು ನಿಮಿಷ ನೆಕ್ಕುತ್ತ ಕೂರುತ್ತದೆ. ಪಂಜರದೊಳಗೆ ಕೂಡಿಹಾಕುವುದು ಎಲ್ಲ ನಾಯಿಗೂ ಆಗದು. ಗಾಬರಿಯಾದ ನಾಯಿ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಬಾಗಿಲು ತೆರೆದಿಟ್ಟು, ತಾನಾಗಿ ಹೋಗಿ ಮಲಗುತ್ತದೆಯೇ ನೋಡಿ.

ಇಷ್ಟೆಲ್ಲ ಮಾಡಿದರೂ ಆರು ವಾರದ ಕೊನೆಗೆ ಹತ್ತು ನಿಮಿಷ ದಾಟದಿದ್ದರೆ, ಇದು ಇನ್ನೊಂದು ನಾಯಿಯಿರುವ ಮನೆಗೇ ಹೋಗಬೇಕಾದ ಜೀವ ಎಂದು ಬರೆದಿಡಿ.

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ ಎಂದು ಬಂದಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಬೇಕಿದೆ. ಅಪಾಯವೇ?
— ಟ್ಯಾಂಪಾ, ಫ್ಲೋರಿಡಾ

ಉತ್ತರ: ಗ್ರೇಹೌಂಡ್‌ನ ರಕ್ತ ಬೇರೆ ನಾಯಿಗಳ ಅಳತೆಗೆ ಸಿಗುವುದಿಲ್ಲ. ಕೆಂಪುಕಣಗಳ ಪ್ರಮಾಣ 50ರಿಂದ 65 ಪ್ರತಿಶತ ಇರುವುದು ಸಹಜ, ಪ್ಲೇಟ್‌ಲೆಟ್ ಮತ್ತು ಟಿ4 (ಥೈರಾಯ್ಡ್ ಹಾರ್ಮೋನು) ಕಡಿಮೆ ಇರುವುದು ಸಹಜ, ಮೂತ್ರಪಿಂಡದ ಪರೀಕ್ಷೆಯಲ್ಲಿ ನೋಡುವ ಕ್ರಿಯಾಟಿನಿನ್ ತುಸು ಹೆಚ್ಚಿರುವುದೂ ಸಹಜ. ಬರಿ ಟಿ4 ನೋಡಿ ಥೈರಾಯ್ಡ್ ಮಾತ್ರೆ ಶುರುಮಾಡಿದ ನಾಯಿಗಳು ಬೇಕಾದಷ್ಟಿವೆ. ತೊಡೆಯ ಕೂದಲು ಉದುರಿದ್ದೂ ಈ ಜಾತಿಯಲ್ಲಿ ಥೈರಾಯ್ಡ್‌ಗೆ ಸಾಕ್ಷಿಯಲ್ಲ. ಆದರೆ ಪ್ಲೇಟ್‌ಲೆಟ್ ತೀರ ಇಳಿದಿದ್ದರೆ ಉಣ್ಣಿ ಹುಳು ಕಚ್ಚಿ ಬರುವ ಎರ್ಲಿಚಿಯಾ, ಬಬೀಸಿಯಾ ಸೋಂಕಿನ ಪರೀಕ್ಷೆ ಮಾಡಿಸಬೇಕು. ಅರಿವಳಿಕೆಗೆ ಥಯೋಪೆಂಟಾಲ್ ಬೇಡವೆಂದು ಮೊದಲೇ ಹೇಳಿ. ಗ್ರೇಹೌಂಡ್‌ನ ಯಕೃತ್ತು ಅದನ್ನು ನಿಧಾನವಾಗಿ ಕರಗಿಸುತ್ತದೆ, ನಾಯಿ ಗಂಟೆಗಟ್ಟಲೆ ಏಳುವುದಿಲ್ಲ. ಇನ್ನೊಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯ ದಿನ ಸರಿಯಾಗಿದ್ದು, ಒಂದೆರಡು ದಿನ ಕಳೆದ ಮೇಲೆ ಗಾಯದ ಸುತ್ತ ರಕ್ತ ಒಸರಿ ಚರ್ಮ ಕಪ್ಪಾಗುವುದು ಈ ಜಾತಿಯಲ್ಲಿ ಉಂಟು. ಅದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದಂಥ ಔಷಧದ ಬಗ್ಗೆ ವೈದ್ಯರ ಜೊತೆ ಮುಂಚಿತವಾಗಿ ಮಾತಾಡಿ, ಮೂರು ನಾಲ್ಕು ದಿನ ಹೊಲಿಗೆಯನ್ನು ಬೆಳಿಗ್ಗೆ, ಸಂಜೆ ನೋಡಿ. ಗಟ್ಟಿ ನೆಲದ ಮೇಲೆ ಕುಂಟಿ, ಹುಲ್ಲಿನ ಮೇಲೆ ಸರಿಯಾಗಿ ನಡೆಯುತ್ತಿದ್ದರೆ ಪಾದದಲ್ಲಿ ಆಣಿ ಇದೆಯೇ ಎಂದೂ ತೋರಿಸಿ.

ಪ್ರಶ್ನೆ: ನಮ್ಮ ಫಾಸ್ಟರ್ ನಾಯಿಗೆ ಮೂರು ಅರ್ಜಿ ಬಂದಿವೆ. ಹೇಗೆ ಆರಿಸುವುದು? ಹಿಂದಿನ ನಾಯಿ ಹತ್ತೇ ದಿನಕ್ಕೆ ವಾಪಸ್ ಬಂದಿತ್ತು, ಆ ನೋವು ಇನ್ನೂ ಇದೆ.
— ಬ್ರಾಂಪ್ಟನ್, ಕೆನಡಾ

ಉತ್ತರ: ಕೊನೆಯ ನಿರ್ಧಾರ ಸಂಸ್ಥೆಯದು, ಆದರೆ ನಾಯಿಯನ್ನು ಬಲ್ಲವರು ನೀವೊಬ್ಬರೇ. ವಾಪಸಾಗುವ ನಾಯಿಗಳಲ್ಲಿ ಬಹುಪಾಲು ಹೊಸಬರಿಗೆ ಯಾವುದೋ ಸಂಗತಿ ಮೊದಲೇ ಗೊತ್ತಿರದ ಕಾರಣ ಬರುತ್ತವೆ. ತಂಗುಮನೆಯವರು ಪ್ರೀತಿಯಿಂದ ಮುಚ್ಚಿಟ್ಟ ದೋಷ ಕೊನೆಗೆ ನಾಯಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಮೂತ್ರಕ್ಕೆ ಹೋಗಬೇಕು, ಎಷ್ಟು ಹೊತ್ತು ಒಂಟಿ ಇರುತ್ತದೆ, ಊಟದ ಬಟ್ಟಲ ಹತ್ತಿರ ಹೋದರೆ ಗುರ್ ಎನ್ನುತ್ತದೆಯೇ, ಚಿಕ್ಕ ನಾಯಿ ಕಂಡರೆ ಏನು ಮಾಡುತ್ತದೆ, ಕಾರಿನಲ್ಲಿ ವಾಂತಿಯೇ, ಪಟಾಕಿ ಸದ್ದಿಗೆ ಎಲ್ಲಿ ಅಡಗುತ್ತದೆ, ಎಲ್ಲವೂ ತಾರೀಖು ಸಮೇತ ಇರಲಿ. ಅದರಿಂದಲೇ ಪರಿಚಯಪತ್ರ ಬರೆಯಿರಿ. “ತುಂಬಾ ಒಳ್ಳೆಯ ನಾಯಿ” ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯದು. “ಮೂರು ಗಂಟೆ ಒಂಟಿ ಇರುತ್ತದೆ, ನಾಲ್ಕನೆಯದಕ್ಕೆ ಅಳುತ್ತದೆ, ಸೋಫಾ ಮೇಲಿಂದ ಇಳಿಸಿದರೆ ಗುರ್ ಎನ್ನುತ್ತದೆ, ತಿಂಡಿ ತೋರಿಸಿದರೆ ತಾನೇ ಇಳಿಯುತ್ತದೆ” ಎಂದರೆ ಸರಿಯಾದ ಮನೆ ತಾನಾಗಿ ಮುಂದೆ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿದ ನಾಯಿಯಾದರೆ ಬಲಗಿವಿಯೊಳಗಿನ ಹಚ್ಚೆಯನ್ನೂ ಓದಿ. 59ಸಿ ಎಂದರೆ 9ಕ್ಕೆ ಕೊನೆಯಾಗುವ ವರ್ಷದ ಮೇ ತಿಂಗಳಲ್ಲಿ ಹುಟ್ಟಿದ್ದು, ಆ ಸೂಲಿನ ಮೂರನೆಯ ಮರಿ. ಎಡಗಿವಿಯದು ಸೂಲಿನ ನೋಂದಣಿ ಸಂಖ್ಯೆ.

ಅರ್ಜಿದಾರರಿಗೆ ಕೇಳಬೇಕಾದದ್ದು: ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿ ಇರಬೇಕಾಗುತ್ತದೆ? ಮೈನಸ್ ಹದಿನೈದರ ಚಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಹೊರಗೆ ಕರೆದೊಯ್ಯುವವರು ಯಾರು? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಇದೆಯೇ? ನಮ್ಮವರಾದರೆ ಇನ್ನೆರಡು ಪ್ರಶ್ನೆ ತಪ್ಪದೆ ಕೇಳಿ. ಊರಿಗೆ ಆರು ವಾರ ಹೋದಾಗ ನಾಯಿ ಎಲ್ಲಿರುತ್ತದೆ? ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ, ಅತ್ತೆ ಮಾವನಿಗೆ ನಾಯಿ ಎಂದರೆ ಭಯವೇ, ಮಡಿಯೇ? ಇದಕ್ಕೆ ಉತ್ತರ ಸಿದ್ಧವಿಲ್ಲದ ಮನೆಗೆ ಈಗ ಬೇಡ. ದೊಡ್ಡ ಮನೆ, ದೊಡ್ಡ ಸಂಬಳ ನೋಡಿ ಮರುಳಾಗಬೇಡಿ. ಮಧ್ಯಾಹ್ನ ಮನೆಯಲ್ಲಿರುವ ನಿವೃತ್ತ ದಂಪತಿಯ ಫ್ಲ್ಯಾಟೇ ಎಷ್ಟೋ ಸಲ ಮೇಲು.

ಮೊದಲ ಭೇಟಿ ನಿಮ್ಮ ಮನೆಯಲ್ಲಿ, ಎರಡನೆಯದು ಅವರ ಮನೆಯಲ್ಲಿ. ಮನೆಮಂದಿಯೆಲ್ಲ ಇರಬೇಕು, “ಯಜಮಾನರು ಆಮೇಲೆ ನೋಡುತ್ತಾರೆ” ಎಂದರೆ ಮುಂದೂಡಿ. ಕಳಿಸುವ ದಿನ ಹಬ್ಬವಾಗಲಿ, ನೆಂಟರು ತುಂಬಿದ ದಿನವಾಗಲಿ ಆಗಬಾರದು. ಐದು ದಿನದ ಊಟ, ಒಗೆಯದ ಹಳೆಯ ಹೊದಿಕೆ, ಮಜಲ್, ಕೋಟು, ಸಂಸ್ಥೆಯ ಫೋನ್ ಸಂಖ್ಯೆಯ ಬಿಲ್ಲೆ ಇರುವ ಕೊರಳಪಟ್ಟಿ, ಲಸಿಕೆಯ ಕಡತ, ನಿಮ್ಮ ನೋಟ್‌ಬುಕ್‌ನ ನಕಲು, ಇಷ್ಟನ್ನೂ ಜೊತೆಗೆ ಕಳಿಸಿ. ಮೂರನೆಯ ದಿನ, ಎರಡನೆಯ ವಾರ, ತಿಂಗಳ ಕೊನೆ, ಮೂರು ಸಲ ಫೋನ್ ಮಾಡಿ. ಮೂರನೆಯ ದಿನದ ಕರೆ ಎಲ್ಲಕ್ಕಿಂತ ಮುಖ್ಯ. ಊಟ ಬಿಟ್ಟಿದೆ, ಮೂಲೆ ಬಿಟ್ಟು ಏಳದು ಎಂದು ಹೊಸಬರು ಹೆದರಿರುತ್ತಾರೆ, ಇದು ಸಹಜ ಎಂಬ ಒಂದು ಮಾತು ಅವರಿಗೆ ಸಾಕಾಗುತ್ತದೆ.

ಪ್ರಶ್ನೆ: ನಾಳೆ ಕಳಿಸಬೇಕು, ಮಕ್ಕಳು ಅಳುತ್ತಿದ್ದಾರೆ. ನಾವೇ ಇಟ್ಟುಕೊಂಡುಬಿಡಲೇ?
— ಆಕ್ಲೆಂಡ್

ಉತ್ತರ: ಹನ್ನೆರಡು ವರ್ಷದವರೆಗೆ ನೋಡಿಕೊಳ್ಳುವ ಮನಸ್ಸು, ಹಣ ಇದ್ದರೆ ಇಟ್ಟುಕೊಳ್ಳಿ, ಸಂತೋಷ. ಆದರೆ ಹೊಸ ಮನೆಯವರಿಗೆ ಮಾತು ಕೊಟ್ಟ ಮೇಲೆ ಹಿಂದೆಗೆಯುವುದು ಸರಿಯಲ್ಲ. ಇದನ್ನು ಕಳಿಸಿದರೆ ಖಾಲಿಯಾದ ಆ ಹಾಸಿಗೆಗೆ ಇನ್ನೊಂದು ನಾಯಿ ಗೂಡಿನಿಂದ ಬರುತ್ತದೆ ಎಂದು ಮಕ್ಕಳಿಗೆ ಹೇಳಿ. ಕಳಿಸುವ ಬುಟ್ಟಿಯನ್ನು ಅವರ ಕೈಯಿಂದಲೇ ತುಂಬಿಸಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಬಳಿ ಯಾರೋ ಮುಧೋಳ ನಾಯಿಯೊಂದನ್ನು ಬಿಟ್ಟು ಹೋಗಿದ್ದಾರೆ. ಗ್ರೇಹೌಂಡ್‌ನ ಕ್ರಮ ಇದಕ್ಕೂ ಆಗುತ್ತದೆಯೇ?
— ಬೆಂಗಳೂರು

ಉತ್ತರ: ಮುಕ್ಕಾಲು ಪಾಲು ಆಗುತ್ತದೆ. ಇದೂ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ತೆಳು ಚರ್ಮ, ಮಾರ್ಟಿಂಗೇಲ್ ಪಟ್ಟಿ, ಬೆಕ್ಕಿನ ಪರೀಕ್ಷೆ, ಅರಿವಳಿಕೆಯ ಎಚ್ಚರ ಎಲ್ಲ ಒಂದೇ. ವ್ಯತ್ಯಾಸವೆಂದರೆ ಮುಧೋಳ ನಾಯಿ ಕಾವಲಿಗೂ ಬೆಳೆದದ್ದು, ಅಪರಿಚಿತರನ್ನು ಬೇಗ ನಂಬುವುದಿಲ್ಲ. ಮುಟ್ಟುವ ಅವಸರ ಬೇಡ, ಪಕ್ಕದಲ್ಲಿ ಕೂತು ಊಟ ಕೊಡಿ. ಓಟವೂ ಹೆಚ್ಚು ಬೇಕು, ಆರಡಿ ಗೋಡೆ ಹಾರುವವೂ ಇವೆ. 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದು ಗೌರವಿಸಿದ ನಮ್ಮ ಬಾಗಲಕೋಟೆ ಸೀಮೆಯ ತಳಿಯನ್ನು ಹೆಸರಿನ ಮೋಹಕ್ಕೆ ತಂದು, ಹತ್ತನೆಯ ಮಹಡಿಯಲ್ಲಿ ಕಟ್ಟಿಹಾಕಿ, ಬೀದಿಗೆ ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೀಗೆ ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಪರಾಧ.

ಮೊದಲು ಪಶುವೈದ್ಯರಲ್ಲಿ ಮೈಕ್ರೋಚಿಪ್ ಇದೆಯೇ ನೋಡಿಸಿ, ಸುತ್ತಲಿನ ಗುಂಪುಗಳಲ್ಲಿ ಫೋಟೋ ಹಾಕಿ, ತಪ್ಪಿಸಿಕೊಂಡು ಬಂದದ್ದೂ ಇರಬಹುದು. ವಾರಸುದಾರರು ಸಿಗದಿದ್ದರೆ ರೇಬಿಸ್ ಸಹಿತ ಲಸಿಕೆ, ಜಂತುಹುಳು ಔಷಧ, ಉಣ್ಣಿಜ್ವರದ ರಕ್ತಪರೀಕ್ಷೆ ಮಾಡಿಸಿ. ಕೊಡುವ ಮುನ್ನ ಸಂತಾನಹರಣ ಚಿಕಿತ್ಸೆ ಆಗಿರಲೇಬೇಕು. “ಒಂದು ಸಲ ಮರಿ ಮಾಡಿಸೋಣ” ಎನ್ನುವವರಿಗೆ, ತೋಟದಲ್ಲಿ ಹಗಲಿರುಳು ಸರಪಳಿಯಲ್ಲಿ ಕಟ್ಟುವವರಿಗೆ, ಮೊಲದ ಬೇಟೆಗೆ ಬೇಕೆನ್ನುವವರಿಗೆ ಕೊಡಬೇಡಿ. ಆ ಬೇಟೆ 1972ರ ವನ್ಯಜೀವಿ ಕಾಯ್ದೆಯಂತೆ ನಿಷಿದ್ಧ. ಎತ್ತರದ ಕಾಂಪೌಂಡ್ ಇದ್ದು, ರಾತ್ರಿ ನಾಯಿಯನ್ನು ಮನೆಯೊಳಗೆ ಮಲಗಿಸುವವರು ಸಿಗುವವರೆಗೆ ಕಾಯಿರಿ, ಎರಡು ತಿಂಗಳಾದರೂ ಸರಿ.